ಕೆಂಪು ಮಾಂಸ: ಯಾವುದು, ಎಷ್ಟು, ಬದಲಿಗೆ ಏನು?

ಹಂದಿ ಮಾಂಸ ಬೆಂದ ಮೇಲೆ ಬೆಳ್ಳಗೆ ಕಾಣುತ್ತದೆ. ಹಾಗಂತ ಅದನ್ನು ಕೋಳಿಯ ಜೊತೆ ಸೇರಿಸುವಂತಿಲ್ಲ. ದನ, ಎಮ್ಮೆ, ಕುರಿ, ಆಡು, ಹಂದಿ, ಹೀಗೆ ಸಸ್ತನಿಗಳ ಮಾಂಸವೆಲ್ಲ ಆಹಾರ ತಜ್ಞರ ಲೆಕ್ಕದಲ್ಲಿ ಕೆಂಪು ಮಾಂಸವೇ. ಕೋಳಿ, ಮೀನು ಈ ಗುಂಪಿಗೆ ಬರುವುದಿಲ್ಲ. ಆದರೆ ಅದೇ ಕೋಳಿಯನ್ನು ಸಾಸೇಜ್ ಮಾಡಿಟ್ಟರೆ ಅದು ‘ಸಂಸ್ಕರಿಸಿದ ಮಾಂಸ’ದ ಸಾಲಿಗೆ ಹೋಗುತ್ತದೆ. ಬರೀ ಕೊಚ್ಚಿದ್ದಕ್ಕೆ, ಫ್ರಿಜ್‌ನಲ್ಲಿಟ್ಟಿದ್ದಕ್ಕೆ ಈ ಹೆಸರಿಲ್ಲ. ಬಹುಕಾಲ ಕೆಡದಿರಲೆಂದು, ರುಚಿ ಏರಲೆಂದು ಉಪ್ಪು ಹಿಡಿಸಿದ್ದು, ಹೊಗೆ ಹಾಕಿದ್ದು, ಹುದುಗಿಸಿದ್ದು, ನೈಟ್ರೈಟ್ ಎಂಬ ಲವಣ ಬೆರೆಸಿದ್ದು ಸಂಸ್ಕರಿಸಿದ ಮಾಂಸ. ಬೇಕನ್, ಹ್ಯಾಮ್, ಸಲಾಮಿ, ಹಾಟ್‌ಡಾಗ್ ಎಲ್ಲವೂ ಇದರಲ್ಲಿ ಬಂತು. ಕಾಯಿಲೆಯ ಮಾತು ಎತ್ತುವ ಮುಂಚೆ ಈ ಎರಡನ್ನೂ ಬೇರೆ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಯಾವ ಲೆಕ್ಕವೂ ತಾಳೆಯಾಗುವುದಿಲ್ಲ.

2015ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 800ಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿ ತನ್ನ ತೀರ್ಮಾನ ಹೇಳಿತು. ಸಂಸ್ಕರಿಸಿದ ಮಾಂಸ ಗುಂಪು 1ರಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇರುವ ಗುಂಪಿನಲ್ಲಿ ಸೇರಿತು. ಕೆಂಪು ಮಾಂಸ ಗುಂಪು 2ಎ ಸೇರಿತು, ಅಂದರೆ ‘ಬಹುಶಃ ತರುತ್ತದೆ’. ಗುಂಪು 1ರಲ್ಲಿ ತಂಬಾಕು, ಕಲ್ನಾರು ಕೂಡ ಇರುವುದರಿಂದ ‘ಬೇಕನ್ ಸಿಗರೇಟಿನಷ್ಟೇ ಅಪಾಯಕಾರಿ’ ಎಂಬ ಸುದ್ದಿ ಹಬ್ಬಿತು. ಅದು ತಪ್ಪು ಓದು. ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಆ ಸಂಸ್ಥೆಯೇ ಆಗ ಉಲ್ಲೇಖಿಸಿದ ಅಂದಾಜಿನ ಪ್ರಕಾರ, ಜಗತ್ತಿನಲ್ಲಿ ವರ್ಷಕ್ಕೆ ಸಂಸ್ಕರಿಸಿದ ಮಾಂಸದ ಲೆಕ್ಕಕ್ಕೆ ಬೀಳುವ ಕ್ಯಾನ್ಸರ್ ಸಾವುಗಳು ಸುಮಾರು 34,000. ತಂಬಾಕಿನ ಲೆಕ್ಕಕ್ಕೆ ಸುಮಾರು 10 ಲಕ್ಷ, ಮದ್ಯದ ಲೆಕ್ಕಕ್ಕೆ 6 ಲಕ್ಷ.

ಆ ವರದಿಯಿಂದ ಎಲ್ಲರ ಬಾಯಲ್ಲೂ ಉಳಿದ ಅಂಕಿ ಶೇ. 18. ದಿನವೂ 50 ಗ್ರಾಂ ಸಂಸ್ಕರಿಸಿದ ಮಾಂಸ ತಿನ್ನುವವರಲ್ಲಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಅಪಾಯ ಅಷ್ಟು ಹೆಚ್ಚುತ್ತದೆ. ಕೆಂಪು ಮಾಂಸಕ್ಕೆ, ಅದು ಕಾರಣವೆಂದೇ ಹಿಡಿದರೆ, ದಿನಕ್ಕೆ 100 ಗ್ರಾಂಗೆ ಶೇ. 17. ಇದನ್ನು ಬಿಡಿಸಿ ನೋಡೋಣ. ಒಂದು ಕಡೆ 1000 ಜನರಲ್ಲಿ 40 ಮಂದಿಗೆ ಜೀವಮಾನದಲ್ಲಿ ಈ ಕ್ಯಾನ್ಸರ್ ಬರುತ್ತದೆ ಎಂದಿಟ್ಟುಕೊಳ್ಳಿ. ಆ ಸಾವಿರ ಮಂದಿಯೂ ದಿನಾ 50 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಸಾಸೇಜ್, ವರ್ಷಗಟ್ಟಲೆ ತಿಂದರೆ 40 ಇದ್ದದ್ದು 47 ಆಗುತ್ತದೆ. ಒಬ್ಬ ವ್ಯಕ್ತಿಗೆ ಇದು ಸಣ್ಣ ಏರಿಕೆ, ಕೋಟಿಗಟ್ಟಲೆ ಜನರಿಗೆ ದೊಡ್ಡದು. ತಿಂಗಳಿಗೊಮ್ಮೆ ತಿನ್ನುವವರು ಈ ಶೇ. 18ನ್ನು ತಮ್ಮ ತಲೆಗೆ ಕಟ್ಟಿಕೊಳ್ಳಬೇಕಿಲ್ಲ. ಮನೆಯಲ್ಲಿ ಈಗಾಗಲೇ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಮೂಲದ 40 ಎಂಬ ಅಂಕಿಯೇ ಮೇಲಿರುತ್ತದೆ. ಅಂಥವರಿಗೆ ಅದೇ ಶೇಕಡಾವಾರು ಭಾರವಾಗುತ್ತದೆ. ಅವರು ಮಾಂಸದ ಗ್ರಾಂ ಎಣಿಸುವ ಮುಂಚೆ ಕೊಲೊನೊಸ್ಕೋಪಿ (ಕ್ಯಾಮೆರಾ ನಳಿಕೆಯಿಂದ ದೊಡ್ಡ ಕರುಳು ನೋಡುವ ಪರೀಕ್ಷೆ) ಯಾವಾಗ ಮಾಡಿಸಬೇಕು ಎಂದು ವೈದ್ಯರಲ್ಲಿ ಕೇಳುವುದು ಲೇಸು.

ಕರುಳಿನಲ್ಲಿ ಆಗುವುದೇನು? ಕೆಂಪು ಮಾಂಸಕ್ಕೆ ಬಣ್ಣ ಕೊಡುವ ಮಯೋಗ್ಲೋಬಿನ್‌ನಲ್ಲಿ ಹೀಮ್ ಎಂಬ ರೂಪದ ಕಬ್ಬಿಣವಿದೆ. ಹೀರಿಕೊಳ್ಳದೆ ಉಳಿದ ಹೀಮ್ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿ ಕ್ಯಾನ್ಸರ್ ತರಬಲ್ಲ ಎನ್-ನೈಟ್ರೋಸೋ ಸಂಯುಕ್ತಗಳು ಹುಟ್ಟಲು ನೆರವಾಗುತ್ತದೆ, ಕೊಬ್ಬನ್ನು ಆಕ್ಸಿಡೀಕರಿಸಿ ಕರುಳಿನ ಒಳಪದರವನ್ನು ಕೆರಳಿಸುತ್ತದೆ. ಸಂಸ್ಕರಿಸಿದ ಮಾಂಸಕ್ಕೆ ಗುಲಾಬಿ ಬಣ್ಣ ಕೊಡುವ ನೈಟ್ರೈಟ್ ಇದೇ ಸಂಯುಕ್ತಗಳಿಗೆ ಕಚ್ಚಾಮಾಲು. ನೈಟ್ರೈಟ್ ಹಾಕುವುದು ಸುಮ್ಮನೆ ಅಲ್ಲ. ಮಾರಕ ಬಾಟುಲಿಸಂ ತರುವ ಬ್ಯಾಕ್ಟೀರಿಯಾವನ್ನು ಅದು ತಡೆಯುತ್ತದೆ. ‘ನೈಟ್ರೈಟ್ ಸೇರಿಸಿಲ್ಲ’ ಎಂಬ ಲೇಬಲ್ ಕಂಡರೆ ಪದಾರ್ಥಗಳ ಪಟ್ಟಿಯಲ್ಲಿ ಸೆಲರಿ ಪುಡಿ ಅಥವಾ ಸೆಲರಿ ರಸ ಇದೆಯೇ ನೋಡಿ. ಸೆಲರಿಯಲ್ಲಿ ನೈಟ್ರೇಟ್ ಸಹಜವಾಗಿಯೇ ಹೇರಳ, ಅದನ್ನು ಬ್ಯಾಕ್ಟೀರಿಯಾಗಳಿಂದ ನೈಟ್ರೈಟ್ ಮಾಡಿಸಿ ಬಳಸುತ್ತಾರೆ. ಕರುಳಿನೊಳಗೆ ಹೋದ ಮೇಲೆ ಎರಡೂ ಒಂದೇ.

ಅಡುಗೆಯ ಪಾಲೂ ಇದೆ. ಮಾಂಸದಲ್ಲಿರುವ ಕ್ರಿಯಾಟಿನ್, ಅಮೈನೋ ಆಮ್ಲ ಮತ್ತು ಸಕ್ಕರೆಯ ಅಂಶ ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕೂಡಿ ಹೆಟೆರೋಸೈಕ್ಲಿಕ್ ಅಮೈನುಗಳಾಗುತ್ತವೆ. ನೀರಿನಲ್ಲಿ ಬೇಯಿಸುವಾಗ, ಹಬೆಯಲ್ಲಿಟ್ಟಾಗ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಇವು ಅಷ್ಟಾಗಿ ಹುಟ್ಟುವುದಿಲ್ಲ. ಪ್ರೆಶರ್ ಕುಕ್ಕರ್‌ನಲ್ಲೂ 120ರ ಆಚೆ ಹೋಗುವುದಿಲ್ಲ. ಕೆಂಡದ ಮೇಲಿಟ್ಟಾಗ ಇನ್ನೊಂದು ತೊಂದರೆ: ಕೊಬ್ಬು ಕರಗಿ ಬೆಂಕಿಗೆ ತೊಟ್ಟಿಕ್ಕುತ್ತದೆ, ಅದರಿಂದೇಳುವ ಹೊಗೆಯಲ್ಲಿ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳಿರುತ್ತವೆ, ಅವು ಮಾಂಸದ ಮೈಗೆ ಅಂಟುತ್ತವೆ. ಪ್ರಾಣಿಗಳಲ್ಲಿ ಇವೆರಡೂ ಕ್ಯಾನ್ಸರ್ ತರುವುದು ಖಚಿತ. ಊಟದಲ್ಲಿ ಸಿಗುವ ಪ್ರಮಾಣ ಮನುಷ್ಯರಿಗೆ ಎಷ್ಟು ಹಾನಿ ಮಾಡುತ್ತದೆ ಎಂಬುದಕ್ಕೆ ಅಷ್ಟು ಗಟ್ಟಿ ಪುರಾವೆ ಇಲ್ಲ. ಆದರೂ ತಪ್ಪಿಸುವುದಕ್ಕೆ ಖರ್ಚಿಲ್ಲ, ಕಷ್ಟವಿಲ್ಲ. ಸುಡುವ ಮುಂಚೆ ಮೈಕ್ರೋವೇವ್‌ನಲ್ಲಿ ಒಂದೆರಡು ನಿಮಿಷ ಬಿಸಿ ಮಾಡಿ ಹೊರಬಂದ ರಸವನ್ನು ಚೆಲ್ಲಿ, ಬೆಂಕಿಯ ಮೇಲಿರುವ ಹೊತ್ತು ಇಳಿಯುತ್ತದೆ. ಒಂದೇ ಮಗ್ಗುಲಲ್ಲಿ ಬಿಡದೆ ಆಗಾಗ ತಿರುವಿ ಹಾಕಿ. ಹುಳಿ, ಬೆಳ್ಳುಳ್ಳಿ, ಸೊಪ್ಪಿನ ಮಸಾಲೆಯಲ್ಲಿ ನೆನೆಸಿಡಿ. ಮಸಾಲೆಗೆ ಸಕ್ಕರೆ, ಜೇನು ಜಾಸ್ತಿಯಾದರೆ ಬೇಗ ಸೀದು ಇಡೀ ಪ್ರಯತ್ನ ನೀರುಪಾಲು. ಕರಕಲಾದ ಅಂಚನ್ನು ಕತ್ತರಿಸಿ ತೆಗೆಯಿರಿ, ಬಾಣಲೆಯ ತಳದಲ್ಲಿ ಕಂದಿದ ಜಿಡ್ಡಿನಿಂದ ಗ್ರೇವಿ ಮಾಡಬೇಡಿ.

ಕರಕಲಿಗೆ ಹೆದರಿ ಹಸಿಬಿಸಿ ಇಳಿಸುವುದು ಇದಕ್ಕಿಂತ ದೊಡ್ಡ ತಪ್ಪು. ಕೊಚ್ಚಿದ ಮಾಂಸದ ನಡುಭಾಗ 71 ಡಿಗ್ರಿ ಮುಟ್ಟಬೇಕು, ಏಕೆಂದರೆ ಮೇಲ್ಮೈಯಲ್ಲಿದ್ದ ಇ. ಕೊಲೈ ಬ್ಯಾಕ್ಟೀರಿಯಾ ಕೊಚ್ಚುವಾಗ ಒಳಗೆಲ್ಲ ಹರಡಿರುತ್ತದೆ. ಇಡೀ ತುಂಡಿಗೆ 63 ಡಿಗ್ರಿ ಮತ್ತು ಇಳಿಸಿದ ಮೇಲೆ ಮೂರು ನಿಮಿಷ ವಿಶ್ರಾಂತಿ ಸಾಕು. ಕೋಳಿಗೆ 74. ಬಣ್ಣ ನೋಡಿ ನಿರ್ಧರಿಸುವುದನ್ನು ನಂಬುವ ಹಾಗಿಲ್ಲ, ಚುಚ್ಚಿ ನೋಡುವ ಥರ್ಮಾಮೀಟರ್ ಒಂದಿದ್ದರೆ ಗೊಂದಲವೇ ಇರದು.

ಇಷ್ಟು ಕ್ಯಾನ್ಸರ್‌ನ ಮಾತಾಯಿತು. ಹೃದಯದ ವಿಷಯಕ್ಕೆ ಬಂದರೆ ಲೆಕ್ಕವೇ ಬದಲಾಗುತ್ತದೆ. ಅಲ್ಲಿ ಮುಖ್ಯ ಆರೋಪಿ ಸ್ಯಾಚುರೇಟೆಡ್ ಕೊಬ್ಬು, ಅದು ರಕ್ತದ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲನ್ನು ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಒಟ್ಟು ಶಕ್ತಿಯ ಶೇ. 10. 2000 ಕ್ಯಾಲೊರಿ ಊಟಕ್ಕೆ ಅದು ಸುಮಾರು 22 ಗ್ರಾಂ. ಒಂದು ದಿನದ ತಟ್ಟೆ ನೋಡಿ. ದೊಡ್ಡ ಚಮಚ ಬೆಣ್ಣೆಯಲ್ಲಿ 7 ಗ್ರಾಂ, 30 ಗ್ರಾಂ ಚೀಸ್‌ನಲ್ಲಿ ಸುಮಾರು 6, ಒಂದು ಲೋಟ ಕೆನೆಭರಿತ ಹಾಲಿನಲ್ಲಿ ನಾಲ್ಕೂವರೆ, ಕೊಬ್ಬಿರುವ ಕೊಚ್ಚಿದ ಮಾಂಸ 100 ಗ್ರಾಂ ತಿಂದರೆ ಇನ್ನೊಂದು 7. ಮಿತಿ ದಾಟಿತು. ಅದರಲ್ಲಿ ಮಾಂಸದ ಪಾಲು ಮೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಮಾಂಸ ಬಿಟ್ಟು ಬೆಣ್ಣೆ, ಚೀಸ್ ಹೆಚ್ಚಿಸಿಕೊಂಡವರ ಎಲ್‌ಡಿಎಲ್ ಏಕೆ ಇಳಿಯಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಈ ಕೂಡುವಿಕೆಯಲ್ಲೇ ಇದೆ.

ಮಾಂಸ ಬಿಟ್ಟ ಜಾಗಕ್ಕೆ ಏನು ಬಂತು ಎಂಬುದನ್ನು ಬಹುತೇಕರು ಕೇಳಿಕೊಳ್ಳುವುದೇ ಇಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅದಕ್ಕಿಂತ ಮುಖ್ಯ ಪ್ರಶ್ನೆ ಇಲ್ಲ. ಬೇಳೆಕಾಳು, ಬೀಜ, ಮೀನು, ಇಡೀ ಧಾನ್ಯ ಬಂದರೆ ಎಲ್‌ಡಿಎಲ್ ಇಳಿಯುತ್ತದೆ, ನಾರು ಏರುತ್ತದೆ. ಮೈದಾ, ಬಿಳಿ ಅಕ್ಕಿ, ಸಿಹಿ ಬಂದರೆ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರಿ, ಲಾಭ ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ, ಸ್ಯಾಚುರೇಟೆಡ್ ಕೊಬ್ಬನ್ನು ಎರಡು ವರ್ಷವಾದರೂ ಕಡಿಮೆ ಮಾಡಿದವರಲ್ಲಿ ಹೃದಯ ಮತ್ತು ರಕ್ತನಾಳದ ಅವಘಡಗಳು ಒಟ್ಟಾರೆ ಶೇ. 17ರಷ್ಟು ಇಳಿದದ್ದನ್ನು ತೋರಿಸಿತು. ಒಟ್ಟು ಸಾವಿನ ಲೆಕ್ಕದಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಟೈಪ್ 2 ಮಧುಮೇಹದ ಕುರಿತು 2024ರಲ್ಲಿ ಪ್ರಕಟವಾದ, 20 ದೇಶಗಳ ಸುಮಾರು 19.7 ಲಕ್ಷ ಜನರ ಮಾಹಿತಿ ಕೂಡಿಸಿದ ವಿಶ್ಲೇಷಣೆಯಲ್ಲಿ ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸಕ್ಕೆ ಶೇ. 15, 100 ಗ್ರಾಂ ತಾಜಾ ಕೆಂಪು ಮಾಂಸಕ್ಕೆ ಶೇ. 10 ಹೆಚ್ಚು ಅಪಾಯ ಕಂಡುಬಂತು. ಇದು ನಂಟು ಮಾತ್ರ, ಕಾರಣ ಎನ್ನಲು ಸಾಲದು. ಮಾಂಸ ಹೆಚ್ಚು ತಿನ್ನುವವರಲ್ಲಿ ಸೇದುವವರು, ತೂಕ ಹೆಚ್ಚಿರುವವರು, ತರಕಾರಿ ಕಡಿಮೆ ತಿನ್ನುವವರು ಕೂಡ ಹೆಚ್ಚು. ಗಣಿತದಿಂದ ಇವನ್ನೆಲ್ಲ ಕಳೆಯಲು ನೋಡುತ್ತಾರೆ, ಪೂರ್ತಿ ಕಳೆಯಲಾಗದು. ಇದೇ ಕಾರಣ ಮುಂದಿಟ್ಟು 2019ರಲ್ಲಿ ತಜ್ಞರ ಒಂದು ತಂಡ ‘ಈಗ ತಿನ್ನುವಷ್ಟು ಮಾಂಸವನ್ನೇ ಮುಂದುವರಿಸಬಹುದು’ ಎಂದು ಸಲಹೆ ಕೊಟ್ಟು ದೊಡ್ಡ ಗದ್ದಲ ಎಬ್ಬಿಸಿತು. ಪುರಾವೆ ದುರ್ಬಲ ಎಂಬ ಅವರ ಮಾತಿನಲ್ಲಿ ಹುರುಳಿದೆ. ಆದರೆ ಅವರು ಬಳಸಿದ ಅಳತೆಗೋಲು ಔಷಧಗಳ ಪ್ರಯೋಗಕ್ಕೆ ಹೊಂದುವಂಥದ್ದು. ಸಾವಿರಾರು ಜನರನ್ನು ಇಪ್ಪತ್ತು ವರ್ಷ ಬೇಕನ್ ತಿನ್ನುವವರು, ತಿನ್ನದವರು ಎಂದು ಚೀಟಿ ಎತ್ತಿ ಹಂಚಲು ಯಾರಿಂದಲೂ ಆಗುವುದಿಲ್ಲ.

ಹಾಗಾದರೆ ಎಷ್ಟು? ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳುವುದು ವಾರಕ್ಕೆ ಮೂರು ಊಟಕ್ಕೆ ಮೀರದಂತೆ, ಬೆಂದ ತೂಕದಲ್ಲಿ 350ರಿಂದ 500 ಗ್ರಾಂ ಕೆಂಪು ಮಾಂಸ. ಸಂಸ್ಕರಿಸಿದ್ದು ಆದಷ್ಟೂ ಕಡಿಮೆ. ಬೆಂದ ತೂಕ ಎಂಬುದನ್ನು ಮರೆಯಬೇಡಿ. ನೀರು, ಕೊಬ್ಬು ಇಳಿದು 700 ಗ್ರಾಂ ಹಸಿ ಮಾಂಸ ಬೆಂದಾಗ 500 ಗ್ರಾಂ ಆಸುಪಾಸಿಗೆ ಬರುತ್ತದೆ. ಅಂಗಡಿಯ ತಕ್ಕಡಿಯ ಅಂಕಿಯನ್ನೇ ಹಿಡಿದವರು ತಮ್ಮನ್ನು ತಾವೇ ಅನಗತ್ಯವಾಗಿ ಕಟ್ಟಿಹಾಕಿಕೊಳ್ಳುತ್ತಾರೆ. ಮೂಳೆಯ ತೂಕವನ್ನೂ ಕಳೆಯಬೇಕು.

ಮೊಟ್ಟೆ, ಹಾಲನ್ನು ಮಾಂಸದ ಜೊತೆ ಒಂದೇ ಚೀಲಕ್ಕೆ ತುಂಬುವುದು ಸರಿಯಲ್ಲ. ದೊಡ್ಡ ಮೊಟ್ಟೆಯಲ್ಲಿ ಸುಮಾರು 186 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದ್ದರೂ ಸ್ಯಾಚುರೇಟೆಡ್ ಕೊಬ್ಬು ಒಂದೂವರೆ ಗ್ರಾಂ ಚಿಲ್ಲರೆ ಮಾತ್ರ. ಆರೋಗ್ಯವಂತರಿಗೆ ದಿನಕ್ಕೊಂದು ತೊಂದರೆಯಲ್ಲ. ಎಲ್‌ಡಿಎಲ್ ಜಾಸ್ತಿ ಇರುವವರು, ಮಧುಮೇಹಿಗಳು ವೈದ್ಯರನ್ನು ಕೇಳಿ ಮಿತಿ ಇಟ್ಟುಕೊಳ್ಳಲಿ. ಹಾಲು ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಬಹುಶಃ ರಕ್ಷಿಸುತ್ತದೆ, ಅದರಲ್ಲಿ ಕ್ಯಾಲ್ಸಿಯಂ ಪಾತ್ರವಿದೆ. ಪ್ರಾಸ್ಟೇಟ್ ಕ್ಯಾನ್ಸರ್ ವಿಷಯದಲ್ಲಿ ಸುಳಿವು ಉಲ್ಟಾ ಇದೆ, ಆದರೆ ದುರ್ಬಲ.

ಕೆಲವರ ಮೈಗೆ ಮಿತಿಯೇ ಬೇರೆ. ಗೌಟ್ (ಯೂರಿಕ್ ಆಮ್ಲ ಸೇರಿ ಕೀಲು ಊದಿ ನೋಯುವ ಕಾಯಿಲೆ) ಇದ್ದವರು, ಮೈಯಲ್ಲಿ ಯೂರಿಕ್ ಆಮ್ಲವಾಗುವ ಪ್ಯೂರಿನ್ ತುಂಬಿದ ಲಿವರ್, ಮೂತ್ರಪಿಂಡದಂಥ ಅಂಗಾಂಗ ಮಾಂಸದಿಂದ ದೂರವಿರಬೇಕು. 2004ರಲ್ಲಿ ಪ್ರಕಟವಾದ, 47,150 ಗಂಡಸರನ್ನು 12 ವರ್ಷ ಗಮನಿಸಿದ ಅಮೆರಿಕದ ಅಧ್ಯಯನದಲ್ಲಿ ಅತಿ ಹೆಚ್ಚು ಮಾಂಸ ತಿಂದವರಿಗೆ ಗೌಟ್ ಅಪಾಯ ಶೇ. 41ರಷ್ಟು ಹೆಚ್ಚಿತ್ತು. ಹೈನು ಪದಾರ್ಥ ತಿಂದವರಿಗೆ ಕಡಿಮೆ. ಪ್ಯೂರಿನ್ ಇರುವ ತರಕಾರಿಗಳಿಂದ ಏನೂ ಆಗಲಿಲ್ಲ, ಹಾಗಾಗಿ ಗೌಟ್ ಎಂದು ಪಾಲಕ್, ಕಾಳು ಬಿಡಿಸುವ ಹಳೆಯ ಪಥ್ಯಕ್ಕೆ ಆಧಾರವಿಲ್ಲ. ಕಿಡ್ನಿ ದುರ್ಬಲವಾದವರು ಲೇಬಲ್‌ನಲ್ಲಿ ‘ಫಾಸ್ಫೇಟ್’ ಎಂಬ ಪದ ಹುಡುಕಲಿ. ಮಾಂಸದ ಸಹಜ ಫಾಸ್ಫರಸ್ ಅರ್ಧದಷ್ಟು ಹೀರಿದರೆ, ಸೇರಿಸಿದ ಫಾಸ್ಫೇಟ್ ಬಹುಪಾಲು ರಕ್ತಕ್ಕೇ ಸೇರುತ್ತದೆ. ಗರ್ಭಿಣಿಯರು ಲಿವರ್ ಬಿಡಬೇಕು, ಅದರ ವಿಟಮಿನ್ ಎ ಮಿತಿಮೀರಿದರೆ ಭ್ರೂಣಕ್ಕೆ ಹಾನಿ. ಬಿಸಿ ಮಾಡದೆ ತಿನ್ನುವ ಹ್ಯಾಮ್, ಸಲಾಮಿಯೂ ಬೇಡ, ಅದರಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಭಯ.

ಇನ್ನು ಪೂರ್ತಿ ಬಿಟ್ಟವರ ಮಾತು. ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನದಲ್ಲಿ ಸಸ್ಯಾಹಾರಿಗಳಿಗೆ ಹೃದಯದ ರಕ್ತನಾಳದ ಕಾಯಿಲೆ ಶೇ. 22 ಕಡಿಮೆ, ಪಾರ್ಶ್ವವಾಯು ಶೇ. 20 ಹೆಚ್ಚು. ಹಾಲು, ಮೊಟ್ಟೆಯನ್ನೂ ಮುಟ್ಟದವರಲ್ಲಿ ಸೊಂಟದ ಮೂಳೆ ಮುರಿತ ಮಾಂಸಾಹಾರಿಗಳಿಗಿಂತ ಎರಡು ಪಟ್ಟು ಮೀರಿತ್ತು. ಕ್ಯಾಲ್ಸಿಯಂ, ಪ್ರೋಟೀನ್ ಕಡಿಮೆ, ಮೈತೂಕವೂ ಕಡಿಮೆ ಎಂಬುದು ಅದಕ್ಕೆ ಭಾಗಶಃ ವಿವರಣೆ. ಕಾಳಿನ ಕಬ್ಬಿಣ ಮಾಂಸದ್ದರಷ್ಟು ಸಲೀಸಾಗಿ ಹೀರುವುದಿಲ್ಲ. ಊಟದ ಜೊತೆ ನಿಂಬೆರಸವೋ ವಿಟಮಿನ್ ಸಿ ಇರುವ ಹಣ್ಣೋ ಇರಲಿ, ಚಹಾ, ಕಾಫಿ ಊಟವಾಗಿ ಒಂದು ಗಂಟೆಯ ಮೇಲೆ.

ವಿಟಮಿನ್ ಬಿ12ಗೆ ಸಸ್ಯಮೂಲವನ್ನು ನಂಬುವಂತಿಲ್ಲ. ಲಿವರ್‌ನಲ್ಲಿ ವರ್ಷಗಟ್ಟಲೆಯ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಮೊದಲು ಪಾದ ಜುಮುಗುಡುವುದು, ಮರೆವು, ಸುಸ್ತು. ಸೊಪ್ಪು, ಕಾಳುಗಳ ಫೋಲೇಟ್ ರಕ್ತಹೀನತೆಯನ್ನು ಮುಚ್ಚಿಟ್ಟರೂ ನರಗಳ ಹಾನಿ ಒಳಗೊಳಗೇ ಸಾಗುತ್ತದೆ, ಹಾಗಾಗಿ ಹಿಮೋಗ್ಲೋಬಿನ್ ಸರಿಯಿದೆ ಎಂದು ನಿರಾಳವಾಗುವಂತಿಲ್ಲ. ಹಾಲು, ಮೊಟ್ಟೆಯೂ ಇಲ್ಲದವರು ದಿನಕ್ಕೆ 10 ಮೈಕ್ರೋಗ್ರಾಂ ಅಥವಾ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳಬಹುದು. ಎರಡರ ನಡುವಿನ ಅಂತರ ಕಂಡು ಬೆರಗಾಗಬೇಡಿ. ಕರುಳಿನ ಹೀರುವ ವ್ಯವಸ್ಥೆ ಒಂದು ಬಾರಿಗೆ ಎರಡು ಮೈಕ್ರೋಗ್ರಾಂ ಹತ್ತಿರ ತುಂಬಿಬಿಡುತ್ತದೆ, ಅದರಾಚೆಗಿನದರಲ್ಲಿ ಶೇ. 1ರಷ್ಟು ಮಾತ್ರ ತಾನಾಗಿ ಸೋರಿ ಒಳಹೋಗುತ್ತದೆ. ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ಅಥವಾ ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್ ವರ್ಷಗಳಿಂದ ನುಂಗುತ್ತಿರುವವರು ಮಾಂಸ ತಿಂದರೂ ಬಿ12 ಮಟ್ಟವನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು.