ರತ್ನಗಂಬಳಿ ಬಿಗಿಯಲು ಯಾವ ಮೊಳೆ?

ಪ್ರಶ್ನೆ: ತೊಳೆದ ರತ್ನಗಂಬಳಿ ಒಣಗಿದ ಮೇಲೆ ಒಂದು ಮೂಲೆ ಸೊಟ್ಟಗಾಗಿದೆ. ಹಲಗೆಗೆ ಎಳೆದು ಮೊಳೆ ಹೊಡೆದರೆ ಸರಿಹೋಗುತ್ತದಂತೆ. ಮನೆಯಲ್ಲಿರುವ ಮೊಳೆಯೇ ಸಾಕಲ್ಲವೇ?

ಸಾಲದು. ಮಳೆಗಾಲದ ಬೂಷ್ಟು ತೊಳೆದು ದೀಪಾವಳಿಗೆ ಮನೆ ಹಸನು ಮಾಡುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರವೂ ಪ್ರತಿ ಸಲ ಅದೇ.

ಎಳೆದು ಬಿಗಿಯುವ ಕ್ರಮವೇನೋ ಸರಿಯಾದದ್ದೇ. ನೀರು ಕುಡಿದ ಉಣ್ಣೆ ಹೇಳಿದ ಮಾತು ಕೇಳುತ್ತದೆ, ಹೇಗೆ ಇಟ್ಟು ಒಣಗಿಸಿದಿರೋ ಹಾಗೇ ನಿಲ್ಲುತ್ತದೆ. ಒಣಗಿದ ಮೇಲೆ ಎಳೆದರೆ ಕೈ ಬಿಟ್ಟ ತಕ್ಷಣ ಹಳೇ ಸೊಟ್ಟಕ್ಕೇ ವಾಪಸ್. ಹಾಗಾಗಿ ನಿಮ್ಮದನ್ನು ಮತ್ತೆ ಒದ್ದೆ ಮಾಡಲೇಬೇಕು.

ಈಗ ಮೊಳೆಯ ವಿಷಯ. ಮನೆಯಲ್ಲಿರುವ ಕಬ್ಬಿಣದ ಮೊಳೆ ಒದ್ದೆಗೆ ತುಕ್ಕು ಹಿಡಿಯುತ್ತದೆ. 'ಎರಡು ದಿನಕ್ಕೆ ಎಂಥಾ ತುಕ್ಕು ಮಾರಾಯ್ರೆ?' ಅನ್ನುವವರಿಗೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ, ಅವರ ಗಂಬಳಿ ಒಣಗಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಮೋಡ ಮುಚ್ಚಿದರೆ ದಪ್ಪ ಗಂಬಳಿ ನಾಲ್ಕು ದಿನವಾದರೂ ಒಳಗೆ ತಂಪಾಗಿಯೇ ಇರುತ್ತದೆ. ಒದ್ದೆ ದಾರ ಸುತ್ತಿಕೊಂಡ ಕಬ್ಬಿಣದಲ್ಲಿ ತುಕ್ಕು ಕಾಣಿಸಿಕೊಳ್ಳಲು ಒಂದು ರಾತ್ರಿ ಸಾಕು. ತುಕ್ಕು ಒಂದೇ ಆಗಿದ್ದರೆ ಕೆಂಪು ಚುಕ್ಕಿ ಅಂತ ಸುಮ್ಮನಿರಬಹುದಿತ್ತು. ಪ್ಲೈವುಡ್ಡಿನ ಮರದಲ್ಲಿ ಒಗರು ಇರುತ್ತದೆ. ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಅಡಿಕೆ ಬೇಯಿಸುವ ನಮಗೆ ಚೊಗರಿನ, ಅಂದರೆ ಅಡಿಕೆ ಬೆಂದ ಒಗರು ನೀರಿನ, ಕಲೆ ಹೊಸದಲ್ಲ. ಹಿಂದಿನವರು ಒಗರಿನ ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಮಸಿ ಮಾಡುತ್ತಿದ್ದುದೂ ಇದೇ ಲೆಕ್ಕದಲ್ಲಿ. ಕಬ್ಬಿಣದ ಮೊಳೆ ಹೊಡೆದವರು ತಮ್ಮ ರತ್ನಗಂಬಳಿಯ ಅಂಚಿನಲ್ಲಿ ಇಂಚಿಗೊಂದರಂತೆ ಮಸಿ ತಯಾರಿಸುತ್ತಾರೆ.

'ಜಿಐ ಮೊಳೆ ತಂದಿದ್ದೇನೆ, ಅದಕ್ಕೆ ತುಕ್ಕಿಲ್ಲ' ಅನ್ನುವವರು ಇನ್ನೊಂದು ಗುಂಪು. ಮೇಲಿನ ಸತುವಿನ ಲೇಪ ಸುತ್ತಿಗೆ ಏಟಿಗೆ ತಲೆಯ ಮೇಲೆ ಎದ್ದುಹೋಗುತ್ತದೆ. ಬಣ್ಣ ಬಿಡದಿರಲಿ ಅಂತ ಕೊನೆಯ ನೀರಿಗೆ ವಿನೆಗರ್ ಹಾಕಿದ್ದರೆ ಉಳಿದದ್ದನ್ನು ಆ ಹುಳಿ ತಿನ್ನುತ್ತದೆ. ಎಣ್ಣೆ ಸವರುತ್ತೇವೆ ಅನ್ನುವವರೂ ಇದ್ದಾರೆ: ತುಕ್ಕಿನ ಜೊತೆ ಜಿಡ್ಡಿನ ಕಲೆ ಉಚಿತ. ಕಲೆ ಬಿದ್ದ ಮೇಲೆ ಬ್ಲೀಚಿಂಗ್ ಪೌಡರ್ ಮಾತ್ರ ಮುಟ್ಟಬೇಡಿ. ತುಕ್ಕು ಹೋಗುವುದಿಲ್ಲ, ಉಣ್ಣೆ ಹೋಗುತ್ತದೆ.

ಬೇಕಾದದ್ದು ಸ್ಟೇನ್‌ಲೆಸ್ ಸ್ಟೀಲ್ ಮೊಳೆ, ಒಂದೂವರೆ ಇಂಚಿನದು, ಸಪೂರ. ಹಾರ್ಡ್‌ವೇರ್ ಅಂಗಡಿಯಲ್ಲಿ 'ಎಸ್ಸೆಸ್' ಅಂತ ಒತ್ತಿ ಕೇಳಿ, ಇಲ್ಲದಿದ್ದರೆ ಹೊಳೆಯುವುದನ್ನೆಲ್ಲ ಅದೇ ಅಂತ ಕೊಡುತ್ತಾರೆ. ಅನುಮಾನವಿದ್ದರೆ ಒಂದನ್ನು ಉಪ್ಪುನೀರಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ತುಕ್ಕು ಕಂಡರೆ ಅದು ಎಸ್ಸೆಸ್ ಅಲ್ಲ.

ಉಳಿದದ್ದು ಸುಲಭ. ಗಂಬಳಿಗಿಂತ ದೊಡ್ಡದಾದ ದಪ್ಪ ಪ್ಲೈವುಡ್, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಗಂಬಳಿ ಬೋರಲು. ನೇರವಾಗಿರುವ ಅಂಚನ್ನು ಮೊದಲು ಬಿಗಿದು, ಎದುರಿನ ಅಂಚನ್ನು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಮೊಳೆ ಗಂಟುಗಳನ್ನು ಸೀಳದೆ ದಾರಗಳ ನಡುವೆ ಇಳಿಯಲಿ, ಅರ್ಧ ಹೊರಗೇ ನಿಲ್ಲಲಿ, ಆಮೇಲೆ ಇಕ್ಕಳದಲ್ಲಿ ಕೀಳಬೇಕಲ್ಲ. ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ ಸಮ ಬಂದರೆ ಮೂಲೆ ಸರಿಬಂತು. ಫ್ಯಾನ್ ಹಾಕಿ, ಪೂರ್ತಿ ಒಣಗುವವರೆಗೆ ಕೈ ಹಚ್ಚಬೇಡಿ. ಹಿಂದೆ ರಬ್ಬರಿನ ಅಂಟು ಬಳಿದ ಅಗ್ಗದ ಕಾರ್ಪೆಟ್ಟಿಗೆ ಈ ಉಪಚಾರ ಬೇಡ, ಎಳೆದರೆ ಅಂಟು ಬಿರಿಯುತ್ತದೆ.

ಇಷ್ಟು ಓದಿ ಯಾರಾದರೂ ಅಜ್ಜನ ಕರಿಕಂಬಳಿಯನ್ನೂ ಹಲಗೆಗೆ ಬಡಿದಾರು ಅಂತ ನನಗೆ ದಿಗಿಲು. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಕುರುಬರು ನೇಯುವ ಆ ಕಂಬಳಿಯ ಗಡಸು ಬರುವುದು ಹುಣಸೆಬೀಜದ ಗಂಜಿಯಿಂದ. ಬಿಸಿನೀರು, ಸೋಪಿನ ಪುಡಿ ಹಾಕಿ ಉಜ್ಜಿದರೆ ಗಂಜಿ ತೊಳೆದುಹೋಗಿ, ಉಣ್ಣೆ ಮುದುಡಿ, ಕಂಬಳಿ ಗಿಡ್ಡವಾಗುತ್ತದೆ. ಆಮೇಲೆ ಯಾವ ಮೊಳೆಯೂ ಅದನ್ನು ವಾಪಸ್ ತರುವುದಿಲ್ಲ. ಕೊಡವಿ ಬಿಸಿಲಿಗೆ ಹಾಕಿದರೆ ಆಯಿತು. ಕಂಬಳಿಕೊಪ್ಪೆ ಹೊದ್ದು ದಿನವಿಡೀ ಗದ್ದೆಯಲ್ಲಿ ನೆನೆದು ಬಂದವರು ಅದನ್ನು ಬಚ್ಚಲೊಲೆಯ ಪಕ್ಕ ಗೋಡೆಗೂಟಕ್ಕೆ ನೇತುಹಾಕಿ ಊಟಕ್ಕೆ ಕೂರುತ್ತಿದ್ದರು.