ನಂದಿ ತಪ್ಪಲಿನ ಪುಟ್ಟ ಹಳಿ: ನೂರು ವರ್ಷದ ಕಥೆ, ಬಿಡಿಸದ ಗಂಟು

ನಂದಿ ಬೆಟ್ಟದ ತಪ್ಪಲಿಗೆ ಪಾರಂಪರಿಕ ರೈಲು ಬರಲಿದೆ ಎಂಬ ಸುದ್ದಿ ಓದುವುದು ಬೆಂಗಳೂರಿನ ಉತ್ತರ ಭಾಗದವರಿಗೆ ರೂಢಿಯಾಗಿಬಿಟ್ಟಿದೆ. ಒಮ್ಮೆ ಹಳೆಯ ನಿಲ್ದಾಣಗಳ ದುರಸ್ತಿ ಎನ್ನುತ್ತಾರೆ, ಒಮ್ಮೆ ವಿಮಾನ ನಿಲ್ದಾಣಕ್ಕೆ ರೈಲು ಎನ್ನುತ್ತಾರೆ, ಮತ್ತೊಮ್ಮೆ ಉಪನಗರ ರೈಲು ಎನ್ನುತ್ತಾರೆ. ಇವೆಲ್ಲ ಬಂದು ಕೂತಿರುವುದು ಒಂದೇ ಹಾದಿಯ ಮೇಲೆ. ಯಲಹಂಕ, ದೊಡ್ಡಜಾಲ, ದೇವನಹಳ್ಳಿ, ಅವತಿಹಳ್ಳಿ, ನಂದಿ, ಚಿಕ್ಕಬಳ್ಳಾಪುರ, ಅಲ್ಲಿಂದ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ದಾಟಿ ಬಂಗಾರಪೇಟೆಗೆ ಸೇರುವ ಹಾದಿ ಅದು. ಯಾವ ಮಾತು ಯಾವ ಯೋಜನೆಗೆ ಸೇರಿದ್ದು ಎಂದು ತಿಳಿಯಬೇಕಾದರೆ ಈ ಹಳಿ ಹುಟ್ಟಿದ ಕಾಲಕ್ಕೆ ಹೋಗಬೇಕು.

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆ ಕಡೆಯಿಂದ, ಮದ್ರಾಸ್ ರೈಲ್ವೆಯ ಬ್ರಾಡ್‌ಗೇಜ್, ಅಂದರೆ ಅಗಲ ಹಳಿಯ ಮೇಲೆ. 1882ರ ಹೊತ್ತಿಗೆ ಮೈಸೂರಿಗೆ ಅದಕ್ಕಿಂತ ಕಿರಿದಾದ ಮೀಟರ್‌ಗೇಜ್ ಹಳಿ ಮುಟ್ಟಿತು. 1893ರ ಹೊತ್ತಿಗೆ ಯಲಹಂಕದ ಮೇಲೆ ಗುಂತಕಲ್ಲಿಗೆ ಹೋಗುವ ಮೀಟರ್‌ಗೇಜ್. 1894ರಲ್ಲಿ ಬಂಗಾರಪೇಟೆಯಿಂದ ಚಿನ್ನದ ಗಣಿಗೆ ಒಂದು ಕವಲು. ಈ ಮೂವತ್ತು ವರ್ಷಗಳಲ್ಲಿ ದೊಡ್ಡ ಊರು, ದಂಡು, ಗಣಿ, ಬರಗಾಲದ ಪರಿಹಾರ ಕಾಮಗಾರಿ ಎಲ್ಲಕ್ಕೂ ಹಳಿ ಸಿಕ್ಕಿತು. ಕೋಲಾರ ಪಟ್ಟಣಕ್ಕೆ, ಚಿಕ್ಕಬಳ್ಳಾಪುರದ ಸೀಮೆಗೆ ಮಾತ್ರ ಸಿಕ್ಕಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು 2 ಅಡಿ 6 ಅಂಗುಲ, ಅಂದರೆ 762 ಮಿಲಿಮೀಟರ್ ಅಗಲದ ಪುಟ್ಟ ಹಳಿ. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಮೊದಲ ತುಂಡು ಬಂತು. ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನ ಆ ಪೇಟೆಯೇ ಇಂದಿನ ಬಂಗಾರಪೇಟೆ. ಆ ದಶಕ ಮುಗಿಯುವುದರೊಳಗೆ ಆಚೆ ತುದಿಯಿಂದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಬಂದು ಕೂಡಿಕೊಂಡಿತು. ಹಳಿ ಕಿರಿದಾದರೆ ಖರ್ಚೂ ಕಿರಿದು. ಹಗುರ ಕಂಬಿ ಸಾಕು, ಸಣ್ಣ ಸೇತುವೆ ಸಾಕು, ಬಂಡೆ ಗುಡ್ಡ ಎದುರಾದರೆ ಒಡೆಯದೆ ಬಳಸಿಕೊಂಡು ಹೋಗಬಹುದು. ಕೆರೆ ಏರಿಗಳೂ ಕಲ್ಲುಗುಡ್ಡಗಳೂ ತುಂಬಿದ ಈ ಬಯಲುಸೀಮೆಗೆ ಅದು ಒಪ್ಪುವ ಲೆಕ್ಕವೇ ಆಗಿತ್ತು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿ ಅದು. ಅವರ ಹುಟ್ಟೂರು ಮುದ್ದೇನಹಳ್ಳಿ ಇರುವುದೂ ಇದೇ ನಂದಿ ತಪ್ಪಲಿನಲ್ಲಿ. ಆಗ ಮೈಸೂರು ಸಂಸ್ಥಾನದಲ್ಲಿ ಜಿಲ್ಲಾ ಬೋರ್ಡುಗಳು ರೈಲ್ವೆ ಸೆಸ್ ಎಂಬ ಹೆಚ್ಚುವರಿ ತೆರಿಗೆ ಎತ್ತಿ ತಮ್ಮ ಸೀಮೆಗೆ ಹಳಿ ತಂದುಕೊಳ್ಳುವ ಪದ್ಧತಿ ಇತ್ತು. ಕಂದಾಯದ ಜೊತೆಗೆ ರೈತ ಕೊಟ್ಟ ಕಾಸೂ ಆ ಕಾಲದ ಹಳಿಗಳಲ್ಲಿ ಸೇರಿದೆ. ಪರಂಪರೆಯ ಮಾತು ಬಂದಾಗ ಕಟ್ಟಡದ ಚೆಂದವನ್ನು ಎಲ್ಲರೂ ಹೇಳುತ್ತಾರೆ, ಈ ಸಂಗತಿಯನ್ನು ಹೇಳುವವರು ಕಡಿಮೆ. ನನಗೆ ಇದೇ ಮುಖ್ಯ ಎನಿಸುತ್ತದೆ.

ಹಾಗೆಂದು ಕಟ್ಟಡಗಳೇನೂ ಕಡಿಮೆಯವಲ್ಲ. ಕಲ್ಲಿನ ಗೋಡೆ, ಇಳಿಜಾರು ಹೆಂಚಿನ ಮಾಡು, ಬಿಸಿಲು ಸೋಸಿ ಒಳಬಿಡುವ ಮರದ ಜಾಲರಿ, ಟಿಕೆಟ್ ಕೊಡಲು ಕೈ ತೂರುವಷ್ಟು ಕಿಂಡಿ. ಊರಿನ ಒಂದು ದೊಡ್ಡ ಮನೆಯಷ್ಟೇ ಅಳತೆ. ದೂರದಿಂದ ನೋಡಿದರೆ ನಿಲ್ದಾಣವೋ ಛತ್ರವೋ ಎಂದು ಅನುಮಾನ ಬರಬೇಕು, ಹಾಗಿದೆ.

ಪುಟ್ಟ ಹಳಿಯ ದೊಡ್ಡ ತೊಂದರೆ ಎರಡು ತುದಿಗಳಲ್ಲಿತ್ತು. ಯಲಹಂಕದಲ್ಲಿ ಮೀಟರ್‌ಗೇಜ್, ಬಂಗಾರಪೇಟೆಯಲ್ಲಿ ಬ್ರಾಡ್‌ಗೇಜ್. ಶಿಡ್ಲಘಟ್ಟದ ಕಡೆಯ ಸರಕು ಹೊರಗಿನ ಊರು ಸೇರಬೇಕಾದರೆ ಮೂಟೆಯನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕು. ಲಾರಿ ಬಂದ ಮೇಲೆ ಈ ಇಳಿಸಿ ಹೇರುವ ಕೆಲಸ ಯಾರಿಗೂ ಬೇಡವಾಯಿತು. 1951ರಲ್ಲಿ ಮೈಸೂರು ರೈಲ್ವೆ ದಕ್ಷಿಣ ರೈಲ್ವೆಯೊಳಗೆ ಸೇರಿತು. ಆಮೇಲಿನ ನಾಲ್ಕು ದಶಕ ಬಸ್ಸು ವೇಗವಾಯಿತು, ರೈಲು ನಿಧಾನವೇ ಉಳಿಯಿತು.

ಈಗಿನ ಗೋಜಲಿಗೆ ಬೇರು ಇರುವುದು 1990ರ ದಶಕದಲ್ಲಿ. 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೂನಿಗೇಜ್ ಯೋಜನೆ ಆರಂಭವಾಯಿತು. ಅದರ ಅಗತ್ಯವನ್ನು ಅಲ್ಲಗಳೆಯಲಾಗದು. ಮೈಸೂರಿನಿಂದ ಹೊರಟ ರೈಲು ಇಂದು ದೆಹಲಿಗೂ ವಾರಾಣಸಿಗೂ ಹೋಗುತ್ತಿದ್ದರೆ ಅದರ ಫಲ. ಆದರೆ ಪರಿವರ್ತನೆ ಎಂದರೆ ಎರಡು ಕಂಬಿಗಳನ್ನು ದೂರ ಸರಿಸುವುದಷ್ಟೇ ಆಗಿರಲಿಲ್ಲ. ಹಾಸನ–ಮಂಗಳೂರು ಮಾರ್ಗವನ್ನು ನೋಡಿ. 1996ರಲ್ಲಿ ಮುಚ್ಚಿತು, ಗೂಡ್ಸ್ ಗಾಡಿ ಹತ್ತಲು 2006 ಬಂತು, ಪ್ರಯಾಣಿಕರ ಗಾಡಿಗೆ 2007ರ ಕೊನೆಯಾಯಿತು. ಶಿವಮೊಗ್ಗ–ತಾಳಗುಪ್ಪದಲ್ಲಿ ಹಸಿರಿನ ನಡುವೆ ಒಂಟಿಯಾಗಿ ಓಡುತ್ತಿದ್ದ ರೈಲ್‌ಬಸ್ 2007ರಲ್ಲಿ ನಿಂತಿತು, ಬ್ರಾಡ್‌ಗೇಜ್ ಗಾಡಿ 2011ರಲ್ಲಿ ಬಂತು.

ನಂದಿಯ ಹಾದಿಯದು ಇನ್ನೂ ವಿಚಿತ್ರ ಪಾಡು. ಯಲಹಂಕದಿಂದ ಚಿಕ್ಕಬಳ್ಳಾಪುರದವರೆಗೆ, ಬಂಗಾರಪೇಟೆಯಿಂದ ಕೋಲಾರದವರೆಗೆ, ಹೀಗೆ ಎರಡು ತುದಿಗಳಿಗೆ 1990ರ ದಶಕದಲ್ಲೇ ಅಗಲ ಹಳಿ ಬಂತು. ನಡುವಿನ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳು 2013ರವರೆಗೆ ಕಾದವು. ರೇಷ್ಮೆಗೂಡಿನ ಊರು, ಮಾವಿನ ಊರು ಹಾದಿಯ ಮಧ್ಯದಲ್ಲಿದ್ದೂ ಹಾದಿಯಿಂದ ಹೊರಗುಳಿದವು. ಒಂದಿಡೀ ತಲೆಮಾರು ರೈಲಿಲ್ಲದೆ ಬೆಳೆಯಿತು. ಪರಂಪರೆ ಉಳಿಯಬೇಕಾದರೆ ಮೊದಲು ಬಳಕೆ ಉಳಿಯಬೇಕು. ಅದು ತಪ್ಪಿದ್ದು ಇಲ್ಲಿ.

ಹಳಿ ಬದಲಾದಾಗ ಜೊತೆಗೆ ಹೋದದ್ದರ ಪಟ್ಟಿ ಉದ್ದವಿದೆ. ಪುಟ್ಟ ಎಂಜಿನ್ನು, ಪುಟ್ಟ ಬೋಗಿ ಹೊಸ ಅಗಲ ಹಳಿಯ ಮೇಲೆ ಓಡಲಾರವು. ಸಿಗ್ನಲ್ ಎಳೆಯುವ ಸನ್ನೆಗೋಲು, ಮುಂದಿನ ನಿಲ್ದಾಣದವರೆಗೆ ಹಾದಿ ಖಾಲಿ ಎಂದು ಚಾಲಕನ ಕೈಗೆ ಕೊಡುತ್ತಿದ್ದ ಟೋಕನ್, ಸೀಮೆಎಣ್ಣೆ ದೀಪ, ತಾರೀಖು ಒತ್ತುವ ಯಂತ್ರ, ರಟ್ಟಿನ ಟಿಕೆಟ್ಟು. ಗುಜರಿಗೆ ಹೋಗುವಾಗ ಇವಕ್ಕೆಲ್ಲ ಇರುವುದು ತೂಕದ ಬೆಲೆ. ಯಾವುದನ್ನು ಇಟ್ಟುಕೊಳ್ಳಬೇಕು ಎಂದು ನಿರ್ಧರಿಸುವ ಹೊಣೆ ಪ್ರತ್ಯೇಕವಾಗಿ ಯಾರದೂ ಆಗಿರಲಿಲ್ಲ. ಕಾಮಗಾರಿಗೆ ಗಡುವು ಇತ್ತು, ನೆನಪಿಗೆ ಇರಲಿಲ್ಲ.

ರೈಲ್‌ಫ್ಯಾನ್ ಎಂದು ಕರೆದುಕೊಳ್ಳುವವರ ಗುಂಪು ಗಟ್ಟಿಯಾದದ್ದೂ ಈ ಹೊತ್ತಿನಲ್ಲೇ. ಐಆರ್‌ಎಫ್‌ಸಿಎ ಎಂಬ ಹೆಸರಿನ ಅಭಿಮಾನಿ ಬಳಗ 1989ರಲ್ಲಿ ಶುರುವಾಗಿತ್ತು. ಪರಿವರ್ತನೆಯ ಕಾಲದಲ್ಲಿ ಒಂದೊಂದು ಮಾರ್ಗದ ಕೊನೆಯ ಓಟಕ್ಕೂ ಕ್ಯಾಮೆರಾ ಹೆಗಲಿಗೇರಿಸಿ ಹೋಗುವವರು ಹುಟ್ಟಿಕೊಂಡರು. ಇಂದಿಗೂ ಕೃಷ್ಣರಾಜಪುರ ಡೀಸೆಲ್ ಶೆಡ್ಡಿನ ಎಂಜಿನ್ನಿನ ಬಣ್ಣ, ಹಾರನ್ನು, ನಂಬರು ನೋಡಿ ಅದರ ಜಾತಕ ಹೇಳುವ ಹುಡುಗರು ಬೆಂಗಳೂರಿನಲ್ಲಿದ್ದಾರೆ. ಹೊರಗಿನವರಿಗೆ ಇದು ಹುಚ್ಚಿನಂತೆ ಕಂಡೀತು. ಆದರೆ ಅನೇಕ ಮಾರ್ಗಗಳ ಕೊನೆಯ ದಿನಗಳಿಗೆ ಸಾಕ್ಷಿ ಎಂದು ಉಳಿದಿರುವುದು ಇಂಥವರ ಚಿತ್ರಗಳೇ. ಯಾರೂ ಸಂಬಳ ಕೊಡಲಿಲ್ಲ, ಯಾರೂ ಕೇಳಲಿಲ್ಲ, ಆದರೂ ಅವರು ಹೋದರು. ಆ ಋಣ ದೊಡ್ಡದು.

ರೈಲ್ವೆಯ ಕಡೆಯಿಂದ ಆದದ್ದು ಮುಖ್ಯವಾಗಿ ಸಂಗ್ರಹಾಲಯ. ಮೈಸೂರಿನ ರೈಲು ಸಂಗ್ರಹಾಲಯ 1979ರದು, ದೆಹಲಿಯ ನಂತರ ದೇಶದಲ್ಲಿ ಎರಡನೆಯದು. ಮಹಾರಾಣಿಯವರ 1899ರ ಸಲೂನ್ ಬೋಗಿ, ಹಳಿಗೆ ಒಗ್ಗಿಸಿದ ಆಸ್ಟಿನ್ ಕಾರು ಅಲ್ಲಿವೆ. 2020ರಲ್ಲಿ ಹುಬ್ಬಳ್ಳಿಯಲ್ಲೂ ಒಂದು ತೆರೆಯಿತು. ಇವು ಇಲ್ಲದಿದ್ದರೆ ಅಷ್ಟೂ ಇಲ್ಲವಾಗುತ್ತಿತ್ತು, ಸರಿ. ಆದರೆ ಪಕ್ಕದ ನೀಲಗಿರಿಯನ್ನು ನೋಡಿ. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆ ಮಾರ್ಗದಲ್ಲಿ ಇಂದಿಗೂ ಟಿಕೆಟ್ ಕೊಂಡು ಮೇಟ್ಟುಪಾಳ್ಯದಲ್ಲಿ ಹತ್ತಿ ಊಟಿಯಲ್ಲಿ ಇಳಿಯಬಹುದು. ಅಲ್ಲಿ ಪರಂಪರೆ ಎಂದರೆ ವೇಳಾಪಟ್ಟಿ ಇರುವ ರೈಲು. ನಮ್ಮಲ್ಲಿ ಹಗ್ಗ ಕಟ್ಟಿದ ಬೋಗಿ.

ನಂದಿಯ ಹಾದಿಯಲ್ಲಿ ಅಗಲ ಹಳಿ ಬಂದರೂ ಹಳೆಯ ಕಟ್ಟಡಗಳು ಒಂದಷ್ಟು ಉಳಿದುಕೊಂಡವು. ಹೊಸ ಕಟ್ಟಡಕ್ಕೆ ಜಾಗ ಬೇರೆ ಇದ್ದಲ್ಲಿ ಹಳೆಯದನ್ನು ಕೆಡವುವ ಗೋಜಿಗೆ ಯಾರೂ ಹೋಗಿರಲಿಲ್ಲ, ಅಷ್ಟೇ. ದೊಡ್ಡಜಾಲದ ಕಟ್ಟಡ ಬಹುಕಾಲ ಪಾಳುಬಿದ್ದಿತ್ತು. ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ದೊಡ್ಡಜಾಲ, ದೇವನಹಳ್ಳಿ, ಅವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳನ್ನು ಒಂದು ಮಾಲೆಯಾಗಿ ಕಂಡು, ಅವನ್ನು ಸರಿಪಡಿಸಿ ಊರವರ ಬಳಕೆಗೂ ಪ್ರವಾಸಿಗರಿಗೂ ಒದಗಿಸುವ ಪ್ರಸ್ತಾವ ಮುಂದಿಟ್ಟಿತು. ನಂದಿ ಹಾಲ್ಟ್‌ನಿಂದ ಕೆಲಸ ಶುರುವಾಯಿತು. ಪಾರಂಪರಿಕ ರೈಲು ಎಂಬ ಮಾತು ಬಲ ಪಡೆದದ್ದು ಇದರ ಸುತ್ತ.

ಉಳಿದ ಸುದ್ದಿಗಳು ಬೇರೆ ದಿಕ್ಕಿನಿಂದ ಬಂದವು. 2021ರ ಜನವರಿಯಲ್ಲಿ ಇದೇ ಹಳಿಯ ಮೇಲೆ ವಿಮಾನ ನಿಲ್ದಾಣದ ಹಾಲ್ಟ್ ತೆರೆಯಿತು. ಅದು ಪರಂಪರೆಗೆ ಸಂಬಂಧಿಸಿದ್ದಲ್ಲ. 2023ರ ಡಿಸೆಂಬರ್‌ನಲ್ಲಿ ದೇವನಹಳ್ಳಿಯವರೆಗೆ ಇದ್ದ ಮೆಮು ಎಂಬ ವಿದ್ಯುತ್ ಪ್ರಯಾಣಿಕ ಗಾಡಿಗಳನ್ನು ಚಿಕ್ಕಬಳ್ಳಾಪುರದವರೆಗೆ ಓಡಿಸತೊಡಗಿದರು. ನಂದಿಗೆ ಹೋಗುವವರಿಗೆ ಅನುಕೂಲ ಎಂಬ ಮಾತು ಆಗ ಬಂತು. ಅದೂ ಮಾಮೂಲಿ ಗಾಡಿಯೇ. ಇನ್ನು ಉಪನಗರ ರೈಲಿನ ‘ಸಂಪಿಗೆ’ ಮಾರ್ಗ ಮೆಜೆಸ್ಟಿಕ್ಕಿನಿಂದ ಯಲಹಂಕದ ಮೇಲೆ ದೇವನಹಳ್ಳಿಗೆ, ಸುಮಾರು 41 ಕಿಲೋಮೀಟರ್. ಅದು ರಾಜ್ಯ ಮತ್ತು ರೈಲ್ವೆ ಕೂಡಿ ಕಟ್ಟಿದ ಕೆ–ರೈಡ್‌ನ ಕೆಲಸ. ಹೀಗೆ ಒಂದೇ ಹಾದಿಗೆ ಮೂರು ನಾಲ್ಕು ಯಜಮಾನಿಕೆ. ಕಟ್ಟಡ ಒಬ್ಬರದು, ಗಾಡಿ ಒಬ್ಬರದು, ದುರಸ್ತಿಯ ಆಸೆ ಮತ್ತೊಬ್ಬರದು, ಮುಂದೆ ಬರುವ ಹಳಿ ಇನ್ನೊಬ್ಬರದು.

ಅಭಿಮಾನಿಗಳಲ್ಲೂ ಒಂದೇ ಮಾತಿಲ್ಲ. ಎಂಜಿನ್ನಿನ ಮೋಹದವರಿಗೆ ಉಗಿಬಂಡಿ ಮತ್ತೆ ಓಡಬೇಕು, ಒಂದು ಭಾನುವಾರವಾದರೂ ಸರಿ. ಕಟ್ಟಡದ ಕಡೆಯವರಿಗೆ ಹೆಂಚು, ಜಾಲರಿ, ಗಾರೆ ಹಳೆಯ ರೀತಿಯಲ್ಲೇ ಕೂರಬೇಕು, ಮೇಲೆ ಎಮಲ್ಷನ್ ಬಳಿಯಬಾರದು. ದಿನವೂ ಓಡಾಡುವವರಿಗೆ ಬೇಕಾದದ್ದು ಬೆಳಿಗ್ಗೆ ಸರಿಯಾದ ಹೊತ್ತಿಗೆ ಒಂದು ಗಾಡಿ, ಸಂಜೆ ಮರಳಲು ಒಂದು. ನನಗೆ ಕೇಳಿದರೆ ಮೂರನೆಯವರ ಬೇಡಿಕೆ ಈಡೇರಿದರೆ ಮೊದಲಿನ ಎರಡಕ್ಕೂ ಜೀವ ಬರುತ್ತದೆ. ಸೂರ್ಯೋದಯ ನೋಡುವವರು ಇನ್ನೂ ಕತ್ತಲಿರುವಾಗಲೇ ಬೈಕು ಕಾರು ಹತ್ತಿ ಬೆಟ್ಟಕ್ಕೆ ಹೋಗುತ್ತಾರೆ, ವಾರಾಂತ್ಯದಲ್ಲಿ ರಸ್ತೆ ಕಟ್ಟಿಕೊಳ್ಳುತ್ತದೆ. ಆ ಹೊತ್ತಿಗೆ ಒಂದು ಗಾಡಿ, ನಿಲ್ದಾಣದಿಂದ ಬೆಟ್ಟಕ್ಕೂ ಭೋಗನಂದೀಶ್ವರ ದೇವಸ್ಥಾನಕ್ಕೂ ಒಂದು ಬಸ್ಸು ಇದ್ದರೆ ಹಳೆಯ ಕಟ್ಟಡದ ಜಗಲಿಯಲ್ಲಿ ಜನ ತಾವಾಗಿಯೇ ಕೂರುತ್ತಾರೆ.

ಇದರ ನಡುವೆ ಕೈಗೆ ಎಟುಕುವ ಒಂದು ಕೆಲಸವಿದೆ. 1990ರ ದಶಕದಲ್ಲಿ ಈ ಪುಟ್ಟ ಹಳಿಯ ಮೇಲೆ ದುಡಿದ ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಫೈರ್‌ಮನ್‌ಗಳು ಈಗ ನಿವೃತ್ತರು. ಬೋಗಿ ಎಷ್ಟು ಅಲುಗಾಡುತ್ತಿತ್ತು, ಯಾವ ಏರಿನಲ್ಲಿ ಎಂಜಿನ್ನು ಏದುಸಿರು ಬಿಡುತ್ತಿತ್ತು, ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಪ್ಲಾಟ್‌ಫಾರಂ ಹೇಗಿರುತ್ತಿತ್ತು ಎಂಬುದು ಕಡತದಲ್ಲಿ ಸಿಗುವುದಿಲ್ಲ. ಕ್ಯಾಮೆರಾ ಹಿಡಿದು ಎಂಜಿನ್ನಿನ ಬೆನ್ನು ಹತ್ತಿದ ಹುಡುಗರು ಒಂದು ಧ್ವನಿಮುದ್ರಣದ ಯಂತ್ರ ಹಿಡಿದು ಚಿಂತಾಮಣಿಯ, ಕೋಲಾರದ ಆ ಮನೆಗಳ ಬಾಗಿಲಿಗೂ ಹೋಗಲಿ. ಅದಕ್ಕೆ ಯಾವ ಇಲಾಖೆಯ ಒಪ್ಪಿಗೆಯೂ ಬೇಕಿಲ್ಲ.