ಡಿಕ್ರಿ ಬಂದರೂ ಬಿಡದ ಗೃಹಸಾಲ

ಕೆಲವು ತಿಂಗಳ ಹಿಂದೆ ಮಹಿಳೆಯೊಬ್ಬರು ನನ್ನ ಕಚೇರಿಗೆ ಬಂದು, ಪ್ಲಾಸ್ಟಿಕ್ ಕವರಿನಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಒಂದು, ಎರಡು ವರ್ಷದ ಹಿಂದೆ ಕೌಟುಂಬಿಕ ನ್ಯಾಯಾಲಯ ನೀಡಿದ ವಿಚ್ಛೇದನದ ಡಿಕ್ರಿ. ಇನ್ನೊಂದು, ಗೃಹಸಾಲದ ಮೂರು ಕಂತು ಬಾಕಿಯಿದೆಯೆಂದು ಬ್ಯಾಂಕು ಅವರ ಹೆಸರಿಗೇ ಕಳಿಸಿದ ನೋಟಿಸು. “ಮನೆಯೂ ಅವರದೇ, ಸಾಲವೂ ಅವರದೇ ಅಂತ ರಾಜಿಪತ್ರದಲ್ಲಿ ಬರೆದಿದೆಯಲ್ಲ ಸರ್, ಮತ್ತೆ ನನಗ್ಯಾಕೆ ನೋಟಿಸು?” ಎಂದು ಕೇಳಿದರು.

ರಾಜಿಪತ್ರಕ್ಕೆ ಸಹಿ ಹಾಕಿದವರು ಗಂಡ ಹೆಂಡತಿ ಮಾತ್ರ. ಬ್ಯಾಂಕು ಅದರಲ್ಲಿ ಪಕ್ಷಕಾರನಲ್ಲ. ಸಾಲದ ಕರಾರಿನಲ್ಲಿ ಸಹ-ಸಾಲಗಾರರಾಗಿ ಇಬ್ಬರ ಸಹಿಯೂ ಇರುವವರೆಗೆ, ಅರ್ಧವಲ್ಲ, ಪೂರ್ತಿ ಬಾಕಿಯನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳುವ ಹಕ್ಕು ಬ್ಯಾಂಕಿಗಿದೆ. ಹಾಗಾಗಿ ಜಂಟಿ ಸಾಲವಿದ್ದಲ್ಲಿ ಅದನ್ನು ತೀರಿಸಬೇಕು, ಮನೆ ಮಾರಬೇಕು, ಇಲ್ಲವೇ ಒಬ್ಬರನ್ನು ಸಾಲದಿಂದ ಬಿಡುಗಡೆ ಮಾಡಿರುವುದಾಗಿ ಬ್ಯಾಂಕಿನಿಂದ ಲಿಖಿತ ಪತ್ರ ಪಡೆಯಬೇಕು. ಮನೆಯ ಪಾಲನ್ನು ಬಿಟ್ಟುಕೊಡುವವರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕು ಖುಲಾಸೆ ಪತ್ರವನ್ನು ನೋಂದಾಯಿಸಬೇಕು. ಛಾಪಾ ಕಾಗದದ ಮೇಲೆ ಬರೆದುಕೊಂಡ ಮಾತ್ರಕ್ಕೆ ಸ್ಥಿರಾಸ್ತಿಯ ಹಕ್ಕು ಕೈ ಬದಲಾಗುವುದಿಲ್ಲ.

ಇದಕ್ಕೆಲ್ಲ ಕಾಲಾವಕಾಶ ಇದ್ದೇ ಇರುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಸಮ್ಮತಿಯ ಅರ್ಜಿ ಹಾಕಿದ ಮೇಲೆ ಆರು ತಿಂಗಳ ಕಾಯುವ ಅವಧಿಯಿದೆ. ಸೂಕ್ತ ಸಂದರ್ಭಗಳಲ್ಲಿ ಇದನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ನಂತರ, ಬೇಗ ಮುಗಿದರೆ ಸಾಕೆಂದು ಎಲ್ಲರೂ ಮನ್ನಾ ಕೇಳುತ್ತಾರೆ. ಅವರ ಅವಸರದ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಆದರೂ ಸಾಲದ ಇತ್ಯರ್ಥವಾಗದೆ ಮನ್ನಾ ಕೇಳಬೇಡಿ ಎಂದೇ ನಾನು ಹೇಳುತ್ತೇನೆ.

ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ತಾನಾಗಿ ಬರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ; ನಮ್ಮ ಕಾನೂನಿನಲ್ಲಿ ಅಂಥ ನಿಯಮವಿಲ್ಲ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ಶಾಶ್ವತ ಜೀವನಾಂಶವನ್ನು ಇಬ್ಬರ ಆದಾಯ, ಆಸ್ತಿ, ನಡವಳಿಕೆ ನೋಡಿ ನಿರ್ಧರಿಸಲಾಗುತ್ತದೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಕಡ್ಡಾಯಗೊಳಿಸಿತು. ಗಂಡನ ಹೆಸರಿನ ಮನೆಗೆ ನಿಮ್ಮ ಸಂಬಳದಿಂದ ಕಂತು ಹೋಗಿದ್ದರೆ, ಅದನ್ನು ತೋರಿಸಲು ಬೇಕಾದ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಈಗಲೇ ತೆಗೆದಿಡಿ. ಸ್ತ್ರೀಧನದ ಒಡವೆಯಂತೂ ಹೆಂಡತಿಯ ಸ್ವಂತದ್ದು, ಅದನ್ನು ಹಿಂದಿರುಗಿಸಿ ಜೀವನಾಂಶವೆಂದು ಲೆಕ್ಕ ತೋರಿಸುವುದು ಸರಿಯಲ್ಲ. ತಾಯಿ ತನ್ನ ಜೀವನಾಂಶ ಬಿಟ್ಟುಕೊಟ್ಟರೂ ಮಗುವಿನ ಹಕ್ಕು ಉಳಿಯುತ್ತದೆ. ವಿಮೆ, ಠೇವಣಿಗಳ ನಾಮಿನಿಯನ್ನೂ ಬದಲಿಸಿಕೊಳ್ಳಿ.

ಆ ಮಹಿಳೆ ತಮ್ಮ ಸಾಲದ ದಾಖಲೆ ಕೆಡಬಾರದೆಂದು ಬಾಕಿ ಕಂತುಗಳನ್ನು ಸದ್ಯಕ್ಕೆ ತಾವೇ ಕಟ್ಟಿದ್ದಾರೆ. ರಾಜಿಯ ಷರತ್ತುಗಳು ಡಿಕ್ರಿಯ ಭಾಗವೇ ಆಗಿದ್ದರಿಂದ, ರಶೀದಿಗಳನ್ನು ಲಗತ್ತಿಸಿ ಆ ಹಣದ ವಸೂಲಿಗೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿಗೊಳಿಸಿ ಎಂದು ಕೋರುವ ಅರ್ಜಿ, ಸಲ್ಲಿಸಿದ್ದೇವೆ. ಮುಂದಿನ ಕಂತಿನ ದಿನ ಮಾತ್ರ ಪ್ರತಿ ತಿಂಗಳೂ ಬರುತ್ತಲೇ ಇದೆ.